ಹಳೆಯ ಕಾರಿನ ಬಾಗಿಲಿಗೆ ಹೊಸ ಹೊಲಿಗೆ

ಹೊಲಿಗೆ ಯಂತ್ರವಿಲ್ಲದ ಮನೆ ನಮ್ಮಲ್ಲಿ ಅಪರೂಪ. ಹರಿದ ಕುರ್ತಾ, ಸವೆದ ದಿಂಬಿನ ಚೀಲ, ಮಕ್ಕಳ ಶಾಲಾ ಬ್ಯಾಗು ಎಲ್ಲವೂ ಅದರ ಸೂಜಿಯಡಿ ಹಾದು ಮತ್ತೆ ಬಳಕೆಗೆ ಬರುತ್ತವೆ. ಆದರೆ ಅಂಗಳದಲ್ಲಿ ನಿಂತ ಹಳೆಯ ಕಾರಿನ ಬಾಗಿಲಿನ ಒಳಗಿನ ರೆಕ್ಸಿನ್ ಹರಿದರೆ, ಅದು ಗಂಡಸರ ವಿಷಯ, ಗ್ಯಾರೇಜಿನ ವಿಷಯ ಎಂದು ನಾವು ಸುಮ್ಮನಾಗುತ್ತೇವೆ. ಕೊನೆಗೆ ಗುಜರಿಯವನು ಬಂದು ಬೆಲೆ ಹೇಳುತ್ತಾನೆ. ಕಾರಿನ ಇಂಜಿನ್ ಸರಿ ಇರುತ್ತದೆ, ಒಳಗಿನ ಅಂದ ಕೆಟ್ಟಿರುತ್ತದೆ ಅಷ್ಟೆ.

ಭದ್ರಾವತಿಯಂಥ ಊರಿನಲ್ಲಿ ಇಂತಹ ಕಾರುಗಳಿಗೆ ಒಂದು ಕಥೆಯಿದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಈ ಊರಿಗೆ ಸಂಬಳದ ಬದುಕನ್ನು ಕೊಟ್ಟವು. ಜೀವಮಾನವಿಡೀ ದುಡಿದವರು ನಿವೃತ್ತಿಯ ಹಣದಲ್ಲಿ ಒಂದು ಅಂಬಾಸಿಡರ್ ಅಥವಾ ಫಿಯೆಟ್ ಕೊಂಡರೆ ಅದು ಬರಿಯ ವಾಹನವಾಗಿರಲಿಲ್ಲ, ಮನೆತನದ ಮರ್ಯಾದೆಯಾಗಿತ್ತು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ 2014ರ ಮೇ ತಿಂಗಳಲ್ಲಿ ನಿಂತುಹೋಯಿತು. ಮುಂಬೈಯ ಪ್ರೀಮಿಯರ್ ಪದ್ಮಿನಿ ಅದಕ್ಕೂ ಬಹಳ ಮೊದಲೇ ನಿಂತಿತ್ತು. ಹಾಗಾಗಿ ಇವುಗಳ ಒಳಗಿನ ಸಾಮಾನು ಹೊಸದಾಗಿ ಸಿಗುವುದು ಕಷ್ಟ. ಇರುವುದನ್ನು ಉಳಿಸಿಕೊಳ್ಳುವುದೇ ದಾರಿ.

ರೆಕ್ಸಿನ್ ಎಂದರೇನು?

ರೆಕ್ಸಿನ್ ಎಂಬುದು ಮೂಲತಃ ಇಂಗ್ಲೆಂಡಿನ ಒಂದು ಕಂಪೆನಿಯ ಹೆಸರು. ಹತ್ತಿ ಬಟ್ಟೆಯ ಮೇಲೆ ರಾಸಾಯನಿಕ ಲೇಪ ಬಳಿದು ಚರ್ಮದಂತೆ ಕಾಣುವ ವಸ್ತುವನ್ನು ಅದು ತಯಾರಿಸುತ್ತಿತ್ತು. ಆ ಲೇಪದ ಜಾಗಕ್ಕೆ ನಂತರ ಪಿವಿಸಿ ಅಂದರೆ ವಿನೈಲ್ ಬಂದಿತು. ವಸ್ತು ಬದಲಾದರೂ ನಮ್ಮ ಬಾಯಲ್ಲಿ ಹೆಸರು ಬದಲಾಗಲಿಲ್ಲ.

ಪಿವಿಸಿ ತನ್ನಷ್ಟಕ್ಕೆ ಗಟ್ಟಿ ವಸ್ತು. ನೀರಿನ ಪೈಪೂ ಅದರದೇ. ಅದಕ್ಕೆ ಎಣ್ಣೆಯಂತಹ ಒಂದು ದ್ರವವನ್ನು ಬೆರೆಸಿ ಮೆತ್ತಗೆ ಮಾಡುತ್ತಾರೆ. ಬಿಸಿಲಿನ ಝಳಕ್ಕೆ ಆ ದ್ರವ ನಿಧಾನವಾಗಿ ಹೊರಹೋಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಗಾಜಿನ ಒಳಬದಿಗೆ ಮಂಜಿನಂತೆ ಅಂಟುವ ಜಿಡ್ಡಿನಲ್ಲಿ ಅದೂ ಇರುತ್ತದೆ. ದ್ರವ ಹೋದಷ್ಟೂ ರೆಕ್ಸಿನ್ ಕುಗ್ಗುತ್ತದೆ, ಬಿರುಸಾಗುತ್ತದೆ, ಬಿರುಕು ಬಿಡುತ್ತದೆ. ತಲೆಗೆ ಹಚ್ಚಿದ ಎಣ್ಣೆ ಮತ್ತು ಬೆವರು ತಾಗುವ ಕಡೆ ಬೇಗ ಕೆಡುವುದಕ್ಕೂ ಇದೇ ಕಾರಣ.

ಮಲೆನಾಡಿನ ಮಳೆ

ನಮ್ಮ ಜಿಲ್ಲೆಯಲ್ಲಿ ಬಿಸಿಲಿಗಿಂತ ದೊಡ್ಡ ಶತ್ರು ಮಳೆ. ಡೋರ್ ಪ್ಯಾಡ್ ಎಂದು ನಾವು ಕರೆಯುವುದು ಹಾರ್ಡ್‌ಬೋರ್ಡಿನ ತೆಳು ಹಲಗೆ, ಅದರ ಮೇಲೆ ಹತ್ತಿ ಅಥವಾ ಫೋಮ್, ಅದರ ಮೇಲೆ ರೆಕ್ಸಿನ್. ಕಿಟಕಿಯ ಗಾಜಿನ ಪಕ್ಕದಿಂದ ಬಾಗಿಲಿನ ಹೊಟ್ಟೆಯೊಳಗೆ ಮಳೆನೀರು ಇಳಿಯುವುದು ಸಹಜ. ಅದು ಹೊರಹೋಗಲೆಂದೇ ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ತರಗೆಲೆ, ಮಣ್ಣು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಹಲಗೆಗೆ ತೇವ ತಾಗದಂತೆ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಇರಬೇಕು. ಹಳೆಯ ಕಾರುಗಳಲ್ಲಿ ಅದು ಹರಿದಿರುತ್ತದೆ, ಅಥವಾ ಯಾವುದೋ ರಿಪೇರಿಯಲ್ಲಿ ಕಿತ್ತೆಸೆದಿರುತ್ತಾರೆ. ಆಗ ಹಲಗೆ ನೀರು ಕುಡಿದು ಉಬ್ಬುತ್ತದೆ, ಸೊಟ್ಟಗಾಗುತ್ತದೆ, ಕ್ಲಿಪ್ಪು ಕೂರುವ ತೂತುಗಳು ಹರಿಯುತ್ತವೆ, ಮುಗ್ಗಲು ವಾಸನೆ ಬರುತ್ತದೆ. ನಾವು ರೆಕ್ಸಿನ್ ಕೆಟ್ಟಿತು ಎನ್ನುತ್ತೇವೆ. ಕೆಟ್ಟದ್ದು ಅದರ ಹಿಂದೆ.

ಭದ್ರಾವತಿಯ ನನ್ನ ಪರಿಚಯದ ಒಂದು ಮನೆಯಲ್ಲಿ ಹೀಗೆಯೇ ಆಯಿತು. ಯಜಮಾನರು ತೀರಿಕೊಂಡ ಮೇಲೆ ಅವರ ಅಂಬಾಸಿಡರ್ ಎರಡು ಮಳೆಗಾಲ ನಿಂತೇ ಇತ್ತು. ಗಂಡುಮಕ್ಕಳು ಗುಜರಿಗೆ ಕೊಡೋಣವೆಂದರು. ತಾಯಿ ಹೂಂ ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮನೆಯಲ್ಲೇ ಬುರ್ಖಾ, ರವಿಕೆ ಹೊಲಿಯುವ ಹಿರಿಸೊಸೆ, "ಅಮ್ಮೀ, ಮಾರುವ ಮೊದಲು ಒಂದು ಬಾಗಿಲು ಬಿಚ್ಚಿ ನೋಡುತ್ತೇನೆ" ಎಂದಳು. ಒಳಗೆ ಪ್ಲಾಸ್ಟಿಕ್ ಹಾಳೆ ಚಿಂದಿಯಾಗಿತ್ತು, ತಳದ ತೂತುಗಳಲ್ಲಿ ಕೊಳೆತ ಎಲೆ. ರೆಕ್ಸಿನ್ ಎರಡು ಬಾಗಿಲುಗಳಲ್ಲಿ ಚೆನ್ನಾಗಿಯೇ ಇತ್ತು. ಶಿವಮೊಗ್ಗದಲ್ಲಿ ಕುಶನ್ ಕೆಲಸ ಮಾಡುವ ವಯಸ್ಸಾದ ಚಾಚಾ ಒಬ್ಬರ ಬಳಿ ಆಕೆ ಉಳಿದದ್ದನ್ನು ಕೇಳಿ ಕಲಿತಳು. "ಬೇಟಿ, ಇದು ಬಟ್ಟೆಯಲ್ಲ. ಒಮ್ಮೆ ಸೂಜಿ ಇಳಿದರೆ ತೂತು ಮುಚ್ಚುವುದಿಲ್ಲ. ಬಿಚ್ಚಿ ಹೊಲಿಯುವ ಲೆಕ್ಕ ಇಟ್ಟುಕೊಳ್ಳಬೇಡ" ಎಂಬುದು ಅವರ ಮೊದಲ ಪಾಠ. ಕಾರು ಮಾರಾಟವಾಗಲಿಲ್ಲ.

ಬಿಚ್ಚುವ ಬಗೆ

ಕಿಟಕಿ ತಿರುಗಿಸುವ ಹಿಡಿ, ಬಾಗಿಲಿನ ಹಿಡಿ, ಕೈ ಊರುವ ಪಟ್ಟಿ ಇವನ್ನು ಮೊದಲು ತೆಗೆಯಬೇಕು. ಕೆಲವದರಲ್ಲಿ ಸ್ಕ್ರೂ, ಕೆಲವದರಲ್ಲಿ ಬಿಲ್ಲೆಯ ಹಿಂದೆ ಅಡಗಿದ ಸಣ್ಣ ಪಿನ್ನು ಇರುತ್ತದೆ. ಬಲವಂತವಾಗಿ ಎಳೆಯಬೇಡಿ. ನಂತರ ಅಂಚಿನ ಕ್ಲಿಪ್ಪುಗಳು. ದೋಸೆ ಮಗುಚುವ ಸಟ್ಟುಗಕ್ಕೆ ಬಟ್ಟೆ ಸುತ್ತಿ, ಕ್ಲಿಪ್ಪಿನ ಪಕ್ಕದಲ್ಲೇ ತೂರಿಸಿ ಒಂದೊಂದನ್ನೇ ಎಬ್ಬಿಸಿ. ಎರಡು ಕ್ಲಿಪ್ಪುಗಳ ನಡುವೆ ಎತ್ತಿದರೆ ಹಲಗೆ ಮುರಿಯುತ್ತದೆ. ಯಾವುದು ಎಡ, ಯಾವುದು ಬಲ ಎಂದು ಹಿಂಬದಿಯಲ್ಲಿ ಬರೆದಿಡಿ.

ಈಗ ನೋಡಿ: ಹಲಗೆ ಕೆಟ್ಟು ರೆಕ್ಸಿನ್ ಚೆನ್ನಾಗಿದ್ದರೆ ಹಲಗೆ ಮಾತ್ರ ಬದಲಿಸಿ. ಹೇರ್ ಡ್ರೈಯರ್‌ನ ಹದವಾದ ಬಿಸಿ ತಾಗಿಸುತ್ತಾ ರೆಕ್ಸಿನ್ನನ್ನು ಮೆಲ್ಲನೆ ಬಿಡಿಸಬಹುದು. ಅದು ಕುಗ್ಗಿರುವುದರಿಂದ ಮತ್ತೆ ಅಂಚಿಗೆ ಎಳೆದು ಕೂರಿಸುವಾಗಲೂ ಬಿಸಿ ಬೇಕು. ಹಲಗೆ ಸರಿಯಿದ್ದು ಸ್ವಲ್ಪವೇ ಬಾಗಿದ್ದರೆ ಒಣಗಿಸಿ, ಸಮತಟ್ಟಾದ ಜಾಗದಲ್ಲಿ ಭಾರ ಹೇರಿ ಕೆಲವು ದಿನ ಇಡಿ. ಹೊಸ ಹಲಗೆಗೆ 3 ಮಿಲಿಮೀಟರ್ ಹಾರ್ಡ್‌ಬೋರ್ಡ್ ಸಾಕು. ಹಳೆಯದನ್ನೇ ಮೇಲಿಟ್ಟು ಅಂಚನ್ನೂ ಪ್ರತಿ ತೂತನ್ನೂ ಗುರುತಿಸಿ ಕತ್ತರಿಸಿ, ಎರಡೂ ಬದಿಗೆ ಮತ್ತು ಅಂಚುಗಳಿಗೆ ಎಣ್ಣೆ ಬಣ್ಣ ಎರಡು ಸಲ ಬಳಿಯಿರಿ. ಬಣ್ಣ ಹೊಡೆಯದ ಅಂಚಿನಿಂದಲೇ ನೀರು ಏರುತ್ತದೆ.

ಹೊಲಿಗೆ ಮತ್ತು ಅಂಟು

ಹೊಸ ರೆಕ್ಸಿನ್ ಹಾಕುವುದಾದರೆ ಹಲಗೆಯ ಅಳತೆಗಿಂತ ಸುತ್ತಲೂ ಒಂದು ಇಂಚು ಹೆಚ್ಚಿಗೆ ಕತ್ತರಿಸಿ. ಕಾರ್ಖಾನೆಯಲ್ಲಿ ಅನೇಕ ಪ್ಯಾಡ್‌ಗಳ ಪಟ್ಟಿಗಳನ್ನು ಬಿಸಿಯಿಂದ ಒತ್ತಿ ಮೂಡಿಸಿರುತ್ತಾರೆ. ಮನೆಯಲ್ಲಿ ಅದು ಆಗದು, ಅದೇ ಗೆರೆಗಳ ಮೇಲೆ ಹೊಲಿಗೆ ಹಾಕಬೇಕು. ಗೆರೆಯನ್ನು ಹಿಂಬದಿಯಲ್ಲಿ ಗುರುತಿಸಿ. ಗುಂಡುಸೂಜಿ ಬೇಡ, ಬಟ್ಟೆ ಒಣಹಾಕುವ ಕ್ಲಿಪ್ಪು ಸಾಕು. 16ನೇ ನಂಬರಿನ ಸೂಜಿ, ಪಾಲಿಯೆಸ್ಟರ್ ದಾರ, ಉದ್ದದ ಹೊಲಿಗೆ ಇರಲಿ. ಹೊಲಿಗೆ ಒತ್ತೊತ್ತಾದರೆ ರೆಕ್ಸಿನ್ ಆ ಗೆರೆಯಲ್ಲೇ ಕಾಗದದಂತೆ ಹರಿಯುತ್ತದೆ. ಯಂತ್ರದ ಪಾದ ಅಂಟಿಕೊಂಡು ಸರಿಯದಿದ್ದರೆ ಮೇಲೆ ತೆಳು ಕಾಗದವಿಟ್ಟು ಹೊಲಿದು ನಂತರ ಹರಿದು ತೆಗೆಯಿರಿ. ದಪ್ಪ ಪದರಗಳಿಗೆ ಮನೆಯ ಯಂತ್ರ ಸಾಲದು, ಅವನ್ನು ಕುಶನ್ ಅಂಗಡಿಗೇ ಬಿಡಿ.

ಅಂಟಿಸಲು ರಬ್ಬರಿನಂತಹ ಅಂಟು ಬೇಕು, ಮರಗೆಲಸದ ಬಿಳಿ ಅಂಟಲ್ಲ. ಎರಡೂ ಬದಿಗೆ ತೆಳುವಾಗಿ ಸವರಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಒಮ್ಮೆ ತಾಗಿದರೆ ಸರಿಸಲಾಗದು. ಆದ್ದರಿಂದ ಅಂಚನ್ನು ಹಿಂಬದಿಗೆ ಮಡಿಚುವಾಗ ನಾಲ್ಕು ಬದಿಯ ನಡುವಿನಿಂದ ಆರಂಭಿಸಿ ಮೂಲೆಗೆ ಬನ್ನಿ. ತಿರುವುಗಳಲ್ಲಿ ಕತ್ತರಿಯಿಂದ ಸಣ್ಣ ಕಚ್ಚು ಕೊಟ್ಟರೆ ಸುಕ್ಕು ಬರದು. ಈ ಅಂಟಿನ ಆವಿಗೆ ಬೆಂಕಿ ಬೇಗ ಹತ್ತುತ್ತದೆ, ತಲೆಯೂ ಸುತ್ತುತ್ತದೆ. ಅಡುಗೆಮನೆಯಲ್ಲಿ ಈ ಕೆಲಸ ಖಂಡಿತ ಬೇಡ. ಅಂಗಳದಲ್ಲಿ, ಗಾಳಿಯಲ್ಲಿ, ಮಕ್ಕಳನ್ನು ದೂರವಿಟ್ಟು ಮಾಡಿ. ತೇವದ ದಿನಗಳಲ್ಲಿ ಅಂಟು ಸರಿಯಾಗಿ ಹಿಡಿಯದು. ಫೆಬ್ರವರಿಯಿಂದ ಮೇವರೆಗಿನ ಒಣ ದಿನಗಳೇ ನಮಗೆ ಸೂಕ್ತ.

ಪ್ಯಾಡ್ ಕೂರಿಸುವ ಮೊದಲು ತಳದ ತೂತುಗಳನ್ನು ತಂತಿಯಿಂದ ಬಿಡಿಸಿ, ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಬಾಗಿಲಿಗೆ ಅಂಟಿಸಿ. ಹಾಳೆಯ ಕೆಳತುದಿ ಬಾಗಿಲಿನ ಒಳಕ್ಕೆ ಇಳಿದಿರಬೇಕು. ಆಗ ನೀರು ಹಲಗೆಗೆ ತಾಗದೆ ಕೆಳಗಿಳಿಯುತ್ತದೆ. ಇದನ್ನು ಮರೆತರೆ ಉಳಿದ ದುಡಿಮೆಯೆಲ್ಲ ಮುಂದಿನ ಮಳೆಗಾಲದಲ್ಲಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ನಂತರದ ಆರೈಕೆ ಸುಲಭ. ಹದವಾದ ಸಾಬೂನು ನೀರು, ಮೃದು ಬ್ರಶ್ಶು, ಒದ್ದೆ ಬಟ್ಟೆ, ಕೊನೆಗೆ ಒಣಬಟ್ಟೆ. ಪೆಟ್ರೋಲ್, ತಿನ್ನರ್ ಬೇಡ. ಹೊಳಪಿಗೆಂದು ಕೊಬ್ಬರಿ ಎಣ್ಣೆಯೂ ಬೇಡ, ಅದು ಧೂಳನ್ನು ಹಿಡಿಯುತ್ತದೆ, ರೆಕ್ಸಿನ್ನಿಗೂ ಒಳಿತಲ್ಲ.

ದುಡಿಮೆಗೆ ಬೆಲೆಯಿರಲಿ

ಹಳೆಯ ಹಲಗೆ, ಹಿಡಿ, ಕ್ಲಿಪ್ಪುಗಳನ್ನು ಎಸೆಯಬೇಡಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಖಾಸಗಿ ವಾಹನಗಳಿಗೆ ಕೇಂದ್ರ ಸರಕಾರ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ಮೂಲದಂತೆ ಉಳಿದ ಕಾರಿಗೆ ಕೊಳ್ಳುವವರ ಕಣ್ಣಿನಲ್ಲೂ ಬೆಲೆ ಹೆಚ್ಚು.

ಇನ್ನೊಂದು ಮಾತು, ಸಹೋದರಿಯರೇ. ಗ್ಯಾರೇಜು, ಟಿಂಕರಿಂಗ್, ಕುಶನ್ ಕೆಲಸಗಳಲ್ಲಿ ನಮ್ಮ ಸಮುದಾಯದ ಗಂಡಸರು ಬಹಳ ಮಂದಿ ಇದ್ದಾರೆ. ಅವರ ಮನೆಗಳಲ್ಲಿ ರಾತ್ರಿ ಕುಳಿತು ಪೈಪಿಂಗ್ ಹೊಲಿದುಕೊಡುವ ಹೆಂಗಸರೂ ಇದ್ದಾರೆ. ಆ ಹೊಲಿಗೆಗೆ ಬಿಲ್ಲಿನಲ್ಲಿ ಜಾಗವಿರುವುದಿಲ್ಲ. ಭದ್ರಾವತಿಯ ಆ ಸೊಸೆಗೆ ಈಗ ಚಾಚಾ ಅಂಗಡಿಯಿಂದ ಹೊಲಿಗೆಯ ಕೆಲಸ ಕಳುಹಿಸುತ್ತಾರೆ, ಒಂದು ಬಾಗಿಲಿಗೆ ಇಷ್ಟು ಎಂದು ಮೊದಲೇ ಮಾತಾಡಿ ಹಣವನ್ನು ಆಕೆಯ ಕೈಗೇ ಕೊಡುತ್ತಾರೆ. ನಿಮ್ಮ ಮನೆಯಲ್ಲೂ ಹೊಲಿಗೆಗೆ ಕೂರುವ ಮೊದಲು ಆ ಮಾತು ಆಗಲಿ. ಲೆಕ್ಕದ ಪುಸ್ತಕದಲ್ಲಿ ರೆಕ್ಸಿನ್, ದಾರ, ಅಂಟು ಬರೆದ ಮೇಲೆ ಕೆಳಗೆ ಇನ್ನೊಂದು ಸಾಲು ಸೇರಲಿ: ಹೊಲಿದವಳ ಕೂಲಿ.