ಶಾಲೆ ಸೋರಿದರೆ, ಕಸ ಉಳಿದರೆ ವಾರ್ಡ್ ಮೆಂಬರ್ ಏನು ಮಾಡಬಹುದು?

ಶಾಲೆ ಹೆಂಚು ಸೋರಿದರೂ ಮೆಂಬರ್‌ಗೆ ಫೋನು, ಕಸದ ಗಾಡಿ ಬಾರದಿದ್ದರೂ ಮೆಂಬರ್‌ಗೇ ಫೋನು. ಆದರೆ ಈ ಎರಡರಲ್ಲಿ ಪುರಸಭೆ ಸದಸ್ಯರಿಗಿರುವ ಅಧಿಕಾರ ಒಂದೇ ತರಹದ್ದಲ್ಲ. ಅದು ಗೊತ್ತಿದ್ದರೆ ಸುಮ್ಮನೆ ತಿರುಗಾಡೋದು ತಪ್ಪುತ್ತೆ.

ಸರ್ಕಾರಿ ಪ್ರಾಥಮಿಕ ಶಾಲೆ ಪುರಸಭೆಯದ್ದಲ್ಲ, ಶಿಕ್ಷಣ ಇಲಾಖೆಯದ್ದು. ಶಿಕ್ಷಕರ ಕೊರತೆ, ಹೊಸ ಕೊಠಡಿ ಬೇಡಿಕೆ ಬಿಇಒ ಕಚೇರಿ ದಾರಿಯಲ್ಲೇ ಹೋಗಬೇಕು. ಹಾಗಂತ ಸದಸ್ಯರು ಕೈತೊಳೆದುಕೊಳ್ಳುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ, ಅಂದರೆ ನಮ್ಮ ಎಸ್‌ಡಿಎಂಸಿಯಲ್ಲಿ, ಮುಕ್ಕಾಲು ಪಾಲು ಪೋಷಕರ ಜತೆಗೆ ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿಗೂ ಜಾಗವಿದೆ. ಶಾಲೆ ಮುಂದಿನ ಚರಂಡಿ, ಬೀದಿದೀಪ, ನಲ್ಲಿ ನೀರು ಪುರಸಭೆಯದ್ದೇ ಕೆಲಸ. ಪರಿಶಿಷ್ಟ ವಿದ್ಯಾರ್ಥಿಗಳ ಪ್ರೋತ್ಸಾಹಧನಕ್ಕೆ ಶೇ.24.10ರ ಅನುದಾನವೂ ಇದೆ. ಅರ್ಜಿ ಕರೆದದ್ದೇ ಗೊತ್ತಾಗದೆ ಎಷ್ಟೋ ಮಕ್ಕಳು ತಪ್ಪಿಸಿಕೊಳ್ಳುತ್ತಾರೆ. ಮನೆ ಮನೆಗೆ ಆ ಸುದ್ದಿ ಮುಟ್ಟಿಸೋದು ಮೆಂಬರ್ ಕೈಲಿರುವ ಸುಲಭದ ಕೆಲಸ.

ಕಸ ಮಾತ್ರ ನೇರ ಪುರಸಭೆ ಹೊಣೆ. ಹಸಿ, ಒಣ, ಅಪಾಯಕಾರಿ ಅಂತ ಬೇರ್ಪಡಿಸಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಬೇರ್ಪಡಿಸಿದ್ದನ್ನು ಗಾಡಿಯಲ್ಲಿ ಮತ್ತೆ ಒಟ್ಟಿಗೆ ಸುರಿದರೆ ಜನ ಎರಡೇ ದಿನಕ್ಕೆ ಬೇಸತ್ತು ಬಿಡ್ತಾರೆ, ಅದರಲ್ಲಿ ತಪ್ಪೂ ಇಲ್ಲ. ಹಾಗಾಗಿ ಮೆಂಬರನ್ನು ಮೊದಲು ಕೇಳಬೇಕಾದ್ದು: ನಮ್ಮ ವಾರ್ಡ್ ಗಾಡಿಯಲ್ಲಿ ಎರಡು ಭಾಗ ಇದೆಯಾ? ಒಣ ಕಸ ಕೊನೆಗೆ ಎಲ್ಲಿಗೆ ಹೋಗುತ್ತೆ?

ಯಾಕಂದ್ರೆ ಮರುಬಳಕೆ ನಿಂತಿರೋದೇ ಒಣಗಿರೋದರ ಮೇಲೆ. ಅಂಗಡಿಯ ರಟ್ಟಿನ ಬಾಕ್ಸ್ ಸಾಂಬಾರಿನಲ್ಲಿ ನೆಂದರೆ ಗುಜರಿಯವರೂ ಮುಟ್ಟಲ್ಲ. ಹಾಲಿನ ಕವರ್ ತೊಳೆದು ಒಣಗಿಸಿದರೆ ಮರುಬಳಕೆ ಆಗುತ್ತೆ. ಮೂಲೆ ಪೂರ್ತಿ ಕತ್ತರಿಸಿ ಎಸೆದರೆ ಆ ಚೂರು ಚರಂಡಿ ಪಾಲು. ಚಿಪ್ಸ್ ಪ್ಯಾಕೆಟ್‌ನಲ್ಲಿ ಪ್ಲಾಸ್ಟಿಕ್ ಪದರಕ್ಕೆ ಲೋಹದ ತೆಳು ಪದರ ಅಂಟಿರುವುದರಿಂದ ಅದಕ್ಕೆ ಕೊಳ್ಳುವವರು ಸಿಗೋದು ಕಷ್ಟ.

ಅಂಗಡಿಯವರು ಗಮನಿಸಿ: 120 ಮೈಕ್ರಾನ್ ಇದ್ದರೆ ಕ್ಯಾರಿಬ್ಯಾಗ್ ಕೊಡಬಹುದು ಅನ್ನೋದು ಕೇಂದ್ರದ ನಿಯಮದ ಮಾತು. ಕರ್ನಾಟಕದಲ್ಲಿ 2016ರ ಆದೇಶ ಪ್ಲಾಸ್ಟಿಕ್ ಕ್ಯಾರಿಬ್ಯಾಗನ್ನು ದಪ್ಪ ಎಷ್ಟೇ ಇರಲಿ ನಿಷೇಧಿಸಿದೆ. ಬಟ್ಟೆಯಂತೆ ಕಾಣುವ ಬಣ್ಣದ ಚೀಲಗಳೂ ಹೆಚ್ಚಿನವು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ದಾಳಿ ಮಾಡಿ ದಂಡ ಹಾಕೋದು ಅಧಿಕಾರಿಗಳು, ಮೆಂಬರ್ ಅಲ್ಲ. ಅವರಿಂದ ‘ಹೇಳಿಸಿ’ ದಂಡ ಬಿಡಿಸಿಕೊಳ್ಳುವ ರೂಢಿ ನಿಂತರೆ ಒಳ್ಳೆಯದು.

ಶಾಲೆ ಮತ್ತು ಕಸ ಕೂಡುವ ಜಾಗ ಬಿಸಿಯೂಟದ ಅಡುಗೆಮನೆ. ಈಗ ವಾರಕ್ಕೆ ಆರು ದಿನ ಮೊಟ್ಟೆ ಇಲ್ಲವೇ ಬಾಳೆಹಣ್ಣು. ಆ ಸಿಪ್ಪೆ, ತರಕಾರಿ ಚೂರಿಗೆ ಶಾಲೆ ಹಿತ್ತಲಲ್ಲೊಂದು ಗೊಬ್ಬರದ ಗುಂಡಿ ಸಾಕು. ಸುತ್ತ ಬೇಲಿ, ಮೇಲೆ ಮುಚ್ಚಳ ಇರಲೇಬೇಕು, ಇಲ್ಲದಿದ್ದರೆ ಹಂದಿ ನಾಯಿ ಕಾಟ.

ಬಾಯಿಮಾತಲ್ಲಿ ಹೇಳಿದ್ದು ಮರೆತು ಹೋಗುತ್ತೆ. ಪುರಸಭೆ ಸಾಮಾನ್ಯ ಸಭೆ ತಿಂಗಳಿಗೊಮ್ಮೆ ನಡೆಯಬೇಕು. ಅರ್ಜಿಯನ್ನು ಲಿಖಿತವಾಗಿ ಕೊಟ್ಟು, ಸಭೆಯಲ್ಲಿ ಎತ್ತಲು ಸದಸ್ಯರನ್ನು ಕೇಳಿ. ನಡಾವಳಿಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಯಾರು ಬೇಕಾದರೂ ಪಡೆಯಬಹುದು.