ಗುಜರಿಯ ತಟ್ಟೆಯಲ್ಲಿ ಹಳೆಯ ನಾಣ್ಯಗಳು

ಹಳೆಯ ಸಾಮಾನುಗಳನ್ನು ಮಾರುವ ಅಂಗಡಿಯವನು ನಾಣ್ಯಕ್ಕೆ ಬೆಲೆ ಕಟ್ಟುವಾಗ ಸಾಮಾನ್ಯವಾಗಿ ಮೂರು ಸಂಗತಿಗಳನ್ನು ನೋಡುತ್ತಾನೆ: ಲೋಹ ಯಾವುದು, ಗಾತ್ರ ಎಷ್ಟು, ಅದರ ಮೇಲಿನ ಅರಸನ ಹೆಸರು ಜನರ ಬಾಯಲ್ಲಿ ಎಷ್ಟರಮಟ್ಟಿಗೆ ಓಡಾಡುತ್ತದೆ. ನಾಣ್ಯಶಾಸ್ತ್ರವನ್ನು ಬಲ್ಲವನು ನೋಡುವುದಾದರೋ ಬೇರೆಯನ್ನೇ: ಅದು ಯಾವ ಟಂಕಸಾಲೆಯಲ್ಲಿ ಅಚ್ಚಾದದ್ದು, ಯಾವ ವರ್ಷದ್ದು, ಅಚ್ಚಿನಲ್ಲಿ ಏನಾದರೂ ಪಾಠಭೇದವಿದೆಯೆ, ಅಂಥದು ಎಷ್ಟು ವಿರಳ. ಈ ಎರಡು ಲೆಕ್ಕಗಳು ಒಂದಕ್ಕೊಂದು ಕೂಡದಿರುವುದರಿಂದಲೇ, ಯಾರಿಗೂ ಬೇಡವಾಗಿ ತಟ್ಟೆಯ ತಳದಲ್ಲಿ ಬಿದ್ದಿರುವ ಕರಿಯ ತಾಮ್ರದ ಬಿಲ್ಲೆಯೊಂದು ಗಾಜಿನ ಪೆಟ್ಟಿಗೆಯೊಳಗಿನ ಬೆಳ್ಳಿಯ ರೂಪಾಯಿಗಿಂತ ಹೆಚ್ಚು ಯೋಗ್ಯತೆಯದಾಗಿರುವುದು ಸಾಧ್ಯ. ಅಂಗಡಿಯವನಿಗೆ ಅದು ತಿಳಿಯದೆಂದು ನಗಬೇಕಾದ ಕಾರಣವೇನೂ ಇಲ್ಲ. ದೀಪದ ಕಂಬ, ಗಡಿಯಾರ, ಗ್ರಾಮೋಫೋನು, ಬಾಗಿಲವಾಡ ಇವೆಲ್ಲವನ್ನೂ ಮಾರುವವನಿಗೆ ಪಾರಸೀ ಲಿಪಿಯನ್ನು ಓದುವ ವ್ಯವಧಾನ ಎಲ್ಲಿಂದ ಬರಬೇಕು?

ಬೆಂಗಳೂರಿನ ಅವೆನ್ಯೂ ರಸ್ತೆಯ ಸಂದುಗೊಂದುಗಳಲ್ಲಾಗಲಿ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಾಗಲಿ ಇಂಥ ತಟ್ಟೆಯೊಂದನ್ನು ಕೆದಕಿದವರಿಗೆ ಮೊದಲು ಕೈಗೆ ಬರುವುದು ವಿಕ್ಟೋರಿಯ ರಾಣಿಯ, ಐದನೆಯ ಜಾರ್ಜ್ ದೊರೆಯ ಕಾಲಾಣೆಗಳು, ಎರಡನೆಯ ಮಹಾಯುದ್ಧದ ಕಾಲದಲ್ಲಿ ತಾಮ್ರವನ್ನು ಉಳಿಸಲೆಂದು ನಡುವೆ ರಂಧ್ರವಿಟ್ಟು ಹೊರಡಿಸಿದ ತೂತಿನ ಕಾಸುಗಳು. ಇವೆಲ್ಲ ಲಕ್ಷೋಪಲಕ್ಷವಾಗಿ ಅಚ್ಚಾದಂಥವು. ಹಳೆಯವೆಂಬ ಮಾತ್ರಕ್ಕೆ ಇವಕ್ಕೆ ವಿಶೇಷವಾದ ಬೆಲೆ ಬರುವುದಿಲ್ಲ. ಅದೇ ತಟ್ಟೆಯಲ್ಲಿ, ಪ್ರಾಯಶಃ ಎಲ್ಲಕ್ಕಿಂತ ಮೇಲುಗಡೆ, ಒಂದು ಮಗ್ಗುಲಲ್ಲಿ ಸೀತಾರಾಮರ ಅಥವಾ ಆಂಜನೇಯನ ಮೂರ್ತಿಯೂ ಇನ್ನೊಂದು ಮಗ್ಗುಲಲ್ಲಿ ‘ಈಸ್ಟ್ ಇಂಡಿಯಾ ಕಂಪನಿ, 1818’ ಎಂಬ ಇಂಗ್ಲಿಷ್ ಬರಹವೂ ಉಳ್ಳ ದಪ್ಪನಾದ ಬಿಲ್ಲೆಗಳಿರುತ್ತವೆ. ಅಂಗಡಿಯವನು ಅವನ್ನು ಕಣ್ಣಿಗೊತ್ತಿಕೊಂಡು, “ಮನೆಯಲ್ಲಿಟ್ಟರೆ ಲಕ್ಷ್ಮಿ ಬರುತ್ತಾಳೆ ಸ್ವಾಮಿ, ಐದು ಸಾವಿರಕ್ಕೆ ಒಂದು ಕಾಸೂ ಕಡಿಮೆ ಇಲ್ಲ” ಎನ್ನುತ್ತಾನೆ. ಕಂಪನಿ ಸರ್ಕಾರವು ದೇವತೆಗಳ ಚಿತ್ರವಿಟ್ಟು ಇಂಥ ಬಿಲ್ಲೆಯನ್ನು ಎಂದೂ ಹೊರಡಿಸಲಿಲ್ಲ; ಇಡೀ ಬ್ರಿಟಿಷ್ ಇಂಡಿಯಾಕ್ಕೆ ಏಕರೂಪವಾದ ನಾಣ್ಯಪದ್ಧತಿ ಜಾರಿಗೆ ಬಂದದ್ದೇ 1835ರಲ್ಲಿ. ಭಕ್ತಿಯಿಂದ ಕೊಳ್ಳುವವರು ಕೊಳ್ಳಲಿ, ಆದರೆ ನಾಣ್ಯವೆಂದು ಕೊಳ್ಳಬಾರದು.

ನಮ್ಮ ನಾಡಿನ ತಟ್ಟೆಗಳಲ್ಲಿ ನಿಜವಾಗಿಯೂ ನಿಂತು ನೋಡತಕ್ಕ ವಸ್ತುವೆಂದರೆ ಟಿಪ್ಪು ಸುಲ್ತಾನನ ತಾಮ್ರದ ಆನೆ ಕಾಸು. ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಪಾರಸೀ ಬರಹ. ಪೈಸೆಯ ತೂಕ ಸುಮಾರು 11 ಗ್ರಾಂ. ಗ್ರಹನಕ್ಷತ್ರಗಳ ಹೆಸರನ್ನೇ ನಾಣ್ಯಗಳಿಗಿಡುವ ವಿಲಕ್ಷಣವಾದ ಅಭಿರುಚಿ ಈ ಸುಲ್ತಾನನದು: ಪೈಸೆಗೆ ಶುಕ್ರನ ಹೆಸರಾದ ಜೊಹ್ರಾ, ಅರ್ಧಕ್ಕೆ ಮಂಗಳನ ಹೆಸರಾದ ಬಹ್ರಾಮ್, ಕಾಲಿಗೆ ತಾರೆಯೆಂಬರ್ಥದ ಅಖ್ತರ್, ಅರೆಕಾಲಿಗೆ ಧ್ರುವತಾರೆಯಾದ ಕುತ್ಬ್. ಶ್ರೀರಂಗಪಟ್ಟಣದಲ್ಲಿ ಅಚ್ಚಾದದ್ದರ ಮೇಲೆ ‘ಪಟನ್’ ಎಂದೂ, ಬಿದನೂರಿನದರ ಮೇಲೆ ‘ನಗರ್’ ಎಂದೂ ಇರುತ್ತದೆ. ಸಿಕ್ಕುವ ಆನೆ ಕಾಸುಗಳಲ್ಲಿ ಬಹುಭಾಗ ಈ ಎರಡು ಟಂಕಸಾಲೆಗಳವೇ. ಆದರೆ ಸುಲ್ತಾನನ ಟಂಕಸಾಲೆಗಳು ಇನ್ನೂ ಹಲವು ಊರುಗಳಲ್ಲಿದ್ದುವು. ಆ ಊರುಗಳಿಗೆ ಆತ ಹೊಸ ಹೆಸರುಗಳನ್ನು ದಯಪಾಲಿಸಿದ್ದನು. ಚಿತ್ರದುರ್ಗವು ಫರ್ರುಖಯಾಬ್ ಹಿಸಾರ್ ಆಯಿತು, ಗುತ್ತಿಯು ಫೈಜ್ ಹಿಸಾರ್ ಆಯಿತು, ಗುರ್ರಂಕೊಂಡವು ಜಫರಾಬಾದ್ ಆಯಿತು, ಸತ್ಯಮಂಗಲವು ಸಲಾಮಾಬಾದ್ ಆಯಿತು, ಧಾರವಾಡವು ಖುರ್ಷೇದ್ ಸವಾದ್ ಆಯಿತು. ಕೊನೆಯ ಮೂರು ಹೆಸರುಗಳುಳ್ಳ ಕಾಸುಗಳು ವಿರಳ. ಅಂಗಡಿಯವನಿಗೆ ಮಾತ್ರ ಎಲ್ಲ ಆನೆಯೂ ಒಂದೇ ಆನೆ, ಎಲ್ಲಕ್ಕೂ ಒಂದೇ ಬೆಲೆ.

ಪಾರಸಿಯನ್ನು ಕಲಿತ ಮೇಲೆಯೇ ಈ ಹವ್ಯಾಸಕ್ಕೆ ಇಳಿಯಬೇಕೆಂದಿಲ್ಲ. ‘ಪಟನ್’, ‘ನಗರ್’ ಎರಡೂ ಆ ಲಿಪಿಯಲ್ಲಿ ಮೂರು ಮೂರು ಅಕ್ಷರದ ಗಿಡ್ಡ ಹೆಸರುಗಳು. ಅವುಗಳ ಆಕೃತಿಯನ್ನು ಕಣ್ಣಿಗೆ ರೂಢಿ ಮಾಡಿಕೊಂಡು, ಅವಕ್ಕಿಂತ ನೀಳವಾದ ಹೆಸರು ಕಾಣಿಸಿದ ಕಾಸನ್ನು ಪಕ್ಕಕ್ಕೆ ತೆಗೆದಿಟ್ಟರೆ ಅರ್ಧ ಕೆಲಸ ಮುಗಿದಂತೆ. ತಾರೀಖಿನ ಸಂಗತಿ ಇನ್ನೂ ಸ್ವಾರಸ್ಯವಾದದ್ದು. ಪಾರಸೀ ಅಕ್ಷರಗಳು ಬಲದಿಂದ ಎಡಕ್ಕೆ ಸಾಗಿದರೂ ಅಂಕಿಗಳು ನಮ್ಮಂತೆಯೇ ಎಡದಿಂದ ಬಲಕ್ಕೆ ಸಾಗುವುದು ವಾಡಿಕೆ; ಆದರೆ ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ಜಾರಿಗೆ ತಂದ ಟಿಪ್ಪು, ಅಂಕಿಗಳನ್ನೂ ಬಲದಿಂದ ಎಡಕ್ಕೇ ಬರೆಯಿಸಿದನು. ಆದಕಾರಣ ಆನೆಯ ಬೆನ್ನಿನ ಮೇಲುಗಡೆ 8121 ಎಂದು ಕಂಡರೆ ಅದು 1218ನೆಯ ಮೌಲೂದಿ ವರ್ಷವೆಂದು ತಿಳಿಯತಕ್ಕುದು. ಬಿಲ್ಲೆಯ ಮೇಲೆ ಅಚ್ಚು ಓರೆಯಾಗಿ ಬಿದ್ದು ಊರಿನ ಹೆಸರು ಅರ್ಧಕ್ಕರ್ಧ ಹೊರಗುಳಿಯುವುದೂ ಉಂಟು, ಅಂಥಲ್ಲಿ ಜೆ.ಆರ್. ಹೆಂಡರ್ಸನ್ ಎಂಬ ವಿದ್ವಾಂಸರು ಹೈದರಾಲಿ ಮತ್ತು ಟಿಪ್ಪುವಿನ ನಾಣ್ಯಗಳನ್ನು ಕುರಿತು ಬರೆದು 1921ರಲ್ಲಿ ಮದರಾಸಿನಲ್ಲಿ ಪ್ರಕಟವಾದ ಗ್ರಂಥದ ಚಿತ್ರಪಟಗಳೊಡನೆ ಹೋಲಿಸಿ ನೋಡುವುದೊಂದೇ ದಾರಿ.

ಪಾರಸಿಯ ಹಂಗೇ ಬೇಡವೆನ್ನುವ ಕನ್ನಡಿಗರಿಗೆ ಮೈಸೂರು ಸೀಮೆಯಲ್ಲಿ ಬಳಕೆಯಲ್ಲಿದ್ದ ಸಣ್ಣ ತಾಮ್ರದ ಕಾಸುಗಳಿವೆ. ಕಿರುಬೆರಳಿನ ಉಗುರಿನಷ್ಟಗಲದ ಈ ಕಾಸಿನ ಒಂದು ಮುಖದಲ್ಲಿ ಅಡ್ಡಗೀಟು ಉದ್ದಗೀಟುಗಳ ಚೌಕುಳಿ; ಇನ್ನೊಂದು ಮುಖದಲ್ಲಿ ಒಂದು ಕನ್ನಡ ಅಂಕಿ, ಅಷ್ಟೆ. ಒಂದು, ಎರಡು, ಮೂರು ಎಂದು ಏರುತ್ತ ಈ ಅಂಕಿಗಳು ಮೂವತ್ತರ ಆಸುಪಾಸಿನವರೆಗೆ ಹೋಗುತ್ತವೆ. ಸಣ್ಣವೂ ಸವೆದವೂ ಆದ್ದರಿಂದ ಅಂಗಡಿಯವನು ಇವನ್ನು ಹಿಡಿಯಲ್ಲಿ ಎತ್ತಿ ಕೊಡುವುದೂ ಉಂಟು; ಆದರೆ ಅಂಕಿಗಳ ಸಾಲನ್ನು ಒಂದೂ ಬಿಡದಂತೆ ಜೋಡಿಸಹೊರಟವನಿಗೆ ಹಿಡಿಯೊಳಗಿನ ಹತ್ತರಲ್ಲಿ ಒಂದರ ಮೇಲಿನ ಅಂಕಿಯೂ ತನಗೆ ಬೇಕಾದದ್ದಾಗಿರದೆ, ಸಂಗ್ರಹವು ವರ್ಷಗಟ್ಟಲೆ ಅಪೂರ್ಣವಾಗಿಯೇ ಉಳಿಯುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಮಯಿಲಿ ಕಾಸು’ಗಳೂ ಹೀಗೆಯೇ ಉಪೇಕ್ಷಿತವಾದವು. ಕನ್ನಡ, ಇಂಗ್ಲಿಷ್, ಪಾರಸೀ ಮೂರು ಲಿಪಿಗಳೂ ಇಕ್ಕಟ್ಟಾಗಿ ಒಂದೇ ಬಿಲ್ಲೆಯಲ್ಲಿ ಕುಳಿತಿರುವ ಈ ನಾಣ್ಯಗಳಲ್ಲಿ ಮೊದಮೊದಲಿನವುಗಳ ಮೇಲೆ ಆನೆ, ಕಡೆಕಡೆಯವುಗಳ ಮೇಲೆ ಸಿಂಹ. ಇವುಗಳಲ್ಲಿ ‘ಶ್ರೀ’ ಎಲ್ಲಿದೆ, ಚಾಮುಂಡಿಯ ಹೆಸರು ಪೂರ್ತಿಯಾಗಿದೆಯೆ ಎಂಬ ಸೂಕ್ಷ್ಮಗಳನ್ನು ನೋಡುವ ಗಿರಾಕಿಗಳು ಕಡಿಮೆಯಾದ್ದರಿಂದ ಬೆಲೆಯೂ ಕೈಗೆಟುಕುವಂತಿದೆ.

ಬೆಳ್ಳಿಯ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪ. ವಿಕ್ಟೋರಿಯ ರಾಣಿಯ 1862ರ ರೂಪಾಯಿ ಸರ್ವಸಾಮಾನ್ಯ. ಆದರೆ ಆ ಒಂದೇ ತಾರೀಖನ್ನಿಟ್ಟುಕೊಂಡು 1873ರವರೆಗೂ ರೂಪಾಯಿಗಳು ಅಚ್ಚಾದುವು. ವರ್ಷಭೇದವನ್ನು ತಿಳಿಸುವುದಕ್ಕೆ ಹಿಮ್ಮುಖದಲ್ಲಿ ಸಣ್ಣ ಬಿಂದುಗಳನ್ನಿಟ್ಟರು. ಆ ಬಿಂದುಗಳನ್ನು ಎಣಿಸುವ ತಾಳ್ಮೆಯುಳ್ಳವನಿಗೆ ಎಲ್ಲವೂ ಒಂದೇ ಬೆಲೆಯ ರಾಶಿಯಲ್ಲಿ ವಿರಳವಾದದ್ದು ದೊರಕೀತು. ಆರನೆಯ ಜಾರ್ಜಿನ 1939ರ ರೂಪಾಯಿ ಅತ್ಯಂತ ವಿರಳವೆಂಬುದು ಇಂದು ಎಲ್ಲ ವ್ಯಾಪಾರಿಗಳಿಗೂ ಗೊತ್ತು. ಆದುದರಿಂದಲೇ ಅಗ್ಗವಾಗಿ ದೊರೆತ 1939 ಬಹುಮಟ್ಟಿಗೆ ಖೋಟಾ.

ಖೋಟಾ ನಾಣ್ಯವನ್ನು ಕಂಡುಹಿಡಿಯಲು ತಕ್ಕಡಿಯೇ ಮೊದಲ ಸಾಕ್ಷಿ, ಅಂಚು ಎರಡನೆಯದು. ಅಚ್ಚೊತ್ತಿದ ನಾಣ್ಯದ ಅಕ್ಷರದ ಬುಡ ಕತ್ತರಿಸಿದಂತೆ ಚೂಪಾಗಿರುತ್ತದೆ. ಲೋಹವನ್ನು ಕರಗಿಸಿ ಎರಕ ಹೊಯ್ದದ್ದಾದರೆ ಅಕ್ಷರಗಳು ಮೊಂಡಾಗಿ, ಮೈಮೇಲೆ ಸೂಜಿಮೊನೆಯಷ್ಟು ಗುಳ್ಳೆಗಳೂ, ಅಂಚಿನ ಸುತ್ತ ಎರಡು ಅರ್ಧಗಳು ಕೂಡಿದ ಗೆರೆಯನ್ನು ಅರದಿಂದ ಉಜ್ಜಿ ಅಳಿಸಿದ ಗುರುತೂ ಭೂತಗನ್ನಡಿಯಲ್ಲಿ ಕಾಣುತ್ತವೆ. ಇನ್ನು, ಮನೆಗೆ ತಂದ ಕೂಡಲೇ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳನೆ ಬೆಳಗುವುದು ಗೃಹಸ್ಥರಿಗೆ ಸಹಜವಾದ ಉತ್ಸಾಹವಾದರೂ ತಾಮ್ರದ ನಾಣ್ಯಕ್ಕೆ ಅದಕ್ಕಿಂತ ದೊಡ್ಡ ಅಪಚಾರವಿಲ್ಲ. ಶತಮಾನಗಳಿಂದ ಕೂಡಿಕೊಂಡ ಕಪ್ಪು ಪೊರೆ ಲೋಹವನ್ನು ಕಾಪಾಡುವ ಕವಚ. ಹಾಗೆ ತಿಕ್ಕಿದ ನಾಣ್ಯವನ್ನು ಬಲ್ಲವರು ಕೈಯಿಂದಲೂ ಮುಟ್ಟರು. ಪುಡಿಪುಡಿಯಾಗಿ ಉದುರುವ ಎಳೆಹಸಿರು ಕಿಲುಬು ಮಾತ್ರ ರೋಗವೇ ಸರಿ. ಅದು ಕಂಡರೆ ಕೊಳ್ಳದಿರುವುದು ಲೇಸು.

ಸೀಸದ ಬಿಲ್ಲೆಗಳನ್ನು ಕುರಿತು ಒಂದು ಮಾತು. ಅಂದಗೆಟ್ಟು ಬೂದುಬಣ್ಣಕ್ಕೆ ತಿರುಗಿದ ಇವನ್ನು ಯಾರೂ ಕೇಳುವುದಿಲ್ಲ. ಆದರೆ ಸಾತವಾಹನರ ಕಾಲದಲ್ಲಿ ಈ ನಾಡಿನಲ್ಲಿ ಸೀಸದ ನಾಣ್ಯಗಳು ಹೇರಳವಾಗಿ ಚಲಾವಣೆಯಲ್ಲಿದ್ದುವು, ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಸಡಕಣ ಕಳಲಾಯ ಮಹಾರಠಿ ಎಂಬ ನಾಯಕನ ಹೆಸರುಳ್ಳ, ಗೂಳಿಯ ಚಿತ್ರದ ಸೀಸದ ನಾಣ್ಯಗಳು ದೊರೆತಿವೆ. ಇಂಥದು ಅಂಗಡಿಗೆ ಬಂದಿದ್ದರೆ ಯಾವುದೋ ಹೊಲದಿಂದಲೋ ದಿಬ್ಬದಿಂದಲೋ ಬಂದಿರಬೇಕು. ನೆಲದಲ್ಲಿ ದೊರೆತ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಶಾಸನ 1878ರಿಂದಲೂ ಇದೆ. 1972ರ ಪುರಾವಸ್ತು ಕಾಯಿದೆಯು ನೂರು ವರ್ಷ ಮೀರಿದ ನಾಣ್ಯಗಳನ್ನು ಖಾಸಗಿಯವರು ದೇಶದಾಚೆಗೆ ಸಾಗಿಸುವುದನ್ನು ನಿಷೇಧಿಸಿದೆ. ಪರದೇಶದಲ್ಲಿರುವ ನೆಂಟರಿಗೆ ಆನೆ ಕಾಸೊಂದನ್ನು ಉಡುಗೊರೆಯಾಗಿ ಕಳುಹಿಸುವವರೂ ಇದನ್ನು ನೆನಪಿನಲ್ಲಿಡಬೇಕು. ಹಳೆಯ ಐದು ರೂಪಾಯಿಗೆ ಲಕ್ಷಗಟ್ಟಲೆ ಕೊಡುವೆವೆಂದು ಮೊದಲು ಶುಲ್ಕ ಕೇಳುವವರ ವಿಷಯದಲ್ಲಿ, ತನ್ನ ಹೆಸರನ್ನು ಹೀಗೆ ದುರುಪಯೋಗಪಡಿಸುತ್ತಿದ್ದಾರೆಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಅಗ್ಗವಾಗಿ ಕೊಂಡುದು ನ್ಯಾಯವೇ ಎಂದು ಕೇಳುವವರುಂಟು. ಗುಜರಿಯವನು ತಾಮ್ರದ ತೂಕಕ್ಕೆ ಕೊಂಡದ್ದನ್ನು ತಾನು ಹೇಳಿದ ಬೆಲೆಗೆ ಮಾರಿದರೆ ಅವನಿಗೆ ಅನ್ಯಾಯವಾಯಿತೆಂದು ನನಗೆ ತೋರುವುದಿಲ್ಲ; ಅಜ್ಜಿಯ ಪೆಟ್ಟಿಗೆಯನ್ನು ಕಷ್ಟಕಾಲಕ್ಕೆ ಮಾರಲು ತಂದ ಮನೆಯವರ ಸಂಗತಿ ಬೇರೆ, ಅವರಿಗೆ ನಿಜವಾದ ಬೆಲೆಯನ್ನು ಹೇಳಿಯೇ ಕೊಳ್ಳಬೇಕು. ಕೊಂಡ ಮೇಲೆ, ಈ ತಟ್ಟೆ ಯಾವ ಕಡೆಯಿಂದ ಬಂತೆಂದು ಅಂಗಡಿಯವನನ್ನು ಕೇಳುವುದನ್ನು ಮರೆಯಬಾರದು. “ಹೊಸದುರ್ಗದ ಕಡೆಯವರು ತಂದಿದ್ದರು” ಎಂಬಷ್ಟೇ ಉತ್ತರ ಬಂದರೂ ಅದನ್ನು ತೂಕದೊಡನೆ ನಾಣ್ಯದ ಕಾಗದದ ಲಕೋಟೆಯ ಮೇಲೆ ಬರೆದಿಡಬೇಕು; ಪ್ಲಾಸ್ಟಿಕ್ ಚೀಲ ಬೇಡ, ಅವುಗಳಲ್ಲಿ ಕೆಲವು ಬಗೆಯವು ತಾಮ್ರಕ್ಕೆ ಕಿಲುಬು ಹಿಡಿಸುತ್ತವೆ.