ಅರಳುಮರಳು ಎಂದು ಸುಮ್ಮನಾಗಬೇಡಿ

ಈಗಷ್ಟೇ ಉಂಡೆದ್ದ ಅಜ್ಜಿ, ‘ನನಗೆ ಯಾರೂ ಊಟಕ್ಕೇ ಹಾಕಲಿಲ್ಲ’ ಎನ್ನುತ್ತಾರೆ. ‘ಅರವತ್ತಕ್ಕೆ ಅರಳುಮರಳು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಈ ಗಾದೆಯ ಮರೆಯಲ್ಲೇ ಅಲ್ಝೈಮರ್ಸ್ ಕಾಯಿಲೆ ವರ್ಷಗಟ್ಟಲೆ ಬೆಳೆಯುತ್ತದೆ.

ತಪ್ಪು ಕಲ್ಪನೆ: ವಯಸ್ಸಾದ ಮೇಲೆ ಇಂಥ ಮರೆವು ಸಹಜ.
ಸತ್ಯ: ಕನ್ನಡಕ ಎಲ್ಲಿಟ್ಟೆ ಎಂಬುದು ಮರೆತರೆ ಅದು ಸಹಜ. ದಿನವೂ ನಡೆವ ದಾರಿಯೇ ತಪ್ಪಿದರೆ, ಸಾರು ಮಾಡುವ ಬಗೆಯೇ ಮರೆತುಹೋದರೆ ಅದು ಸಹಜವಲ್ಲ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ವೈದ್ಯ ಅಲೋಯಿಸ್ ಅಲ್ಝೈಮರ್ ಮೊದಲು ಈ ರೋಗ ಕಂಡ ಮಹಿಳೆಗೆ ಕೇವಲ 51 ವರ್ಷ. ಆಕೆ ತೀರಿಕೊಂಡ ಮೇಲೆ ಮೆದುಳನ್ನು ಪರೀಕ್ಷಿಸಿದಾಗ, ನರಕೋಶಗಳ ಒಳಗೆ ಗಂಟುಬಿದ್ದ ಎಳೆಗಳು ಕಂಡವು. ಇದು ಮುಪ್ಪಲ್ಲ, ರೋಗ.

ತಪ್ಪು ಕಲ್ಪನೆ: ಗುಣವಾಗದ ಕಾಯಿಲೆಗೆ ವೈದ್ಯರೇಕೆ?
ಸತ್ಯ: ಮರೆವೆಲ್ಲ ಅಲ್ಝೈಮರ್ಸ್ ಅಲ್ಲ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯಿಂದಲೂ ನೆನಪು ಕುಂದುತ್ತದೆ. ಇವಕ್ಕೆ ಚಿಕಿತ್ಸೆ ಇದೆ. ಅಲ್ಝೈಮರ್ಸ್ ಆಗಿದ್ದರೂ ಡೊನೆಪೆಜಿಲ್‌ನಂಥ ಮಾತ್ರೆ ಹಲವರಲ್ಲಿ ಕೆಲಕಾಲ ಲಕ್ಷಣಗಳನ್ನು ತಗ್ಗಿಸುತ್ತದೆ.

ತಪ್ಪು ಕಲ್ಪನೆ: ಹೊಸ ಔಷಧದಿಂದ ಹೋದ ನೆನಪು ಮರಳುತ್ತದೆ.
ಸತ್ಯ: ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಅನುಮೋದನೆ ಪಡೆದ ಲೆಕಾನೆಮ್ಯಾಬ್, ಈ ರೋಗದಲ್ಲಿ ಮೆದುಳಿನೊಳಗೆ ಜಮೆಯಾಗುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ತೆಗೆಯುತ್ತದೆ. 1,795 ಜನರನ್ನು 18 ತಿಂಗಳು ಗಮನಿಸಿದ ಪ್ರಯೋಗದಲ್ಲಿ, ಔಷಧ ಪಡೆದವರ ನೆನಪು, ಬುದ್ಧಿಶಕ್ತಿಗಳ ಕುಸಿತದ ವೇಗ ಶೇ. 27ರಷ್ಟು ತಗ್ಗಿತು, ಕುಸಿತ ನಿಲ್ಲಲಿಲ್ಲ. ಕೆಲವರ ಮೆದುಳಿನಲ್ಲಿ ಊತ, ಸಣ್ಣ ರಕ್ತಸ್ರಾವ ಕಾಣಿಸಿಕೊಂಡವು. ಸತ್ತ ನರಕೋಶಗಳನ್ನು ಯಾವ ಔಷಧವೂ ಮರಳಿ ತರಲಾರದು. ಈ ಔಷಧ ಇರುವುದೂ ಆರಂಭದ ಹಂತದವರಿಗೆ ಮಾತ್ರ. ಅರಳುಮರಳೆಂದು ಕಳೆದ ವರ್ಷಗಳು ಎಷ್ಟು ದುಬಾರಿ ಎಂಬುದು ಇಲ್ಲಿ ಅರಿವಾಗುತ್ತದೆ.

ತಪ್ಪು ಕಲ್ಪನೆ: ಇದು ಹಣೆಬರಹ, ತಪ್ಪಿಸಲಾಗದು.
ಸತ್ಯ: ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡು, ಧೂಮಪಾನ, ಒಂಟಿತನ ಸೇರಿ 14 ಕಾರಣಗಳನ್ನು ಸರಿಪಡಿಸಿದರೆ, ಡಿಮೆನ್ಷಿಯಾ (ಅಲ್ಝೈಮರ್ಸ್ ಸೇರಿದಂತೆ ಮರೆವಿನ ಕಾಯಿಲೆಗಳು) ಪ್ರಕರಣಗಳಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದು 2024ರ ಲ್ಯಾನ್ಸೆಟ್ ಆಯೋಗದ ವರದಿ ಅಂದಾಜಿಸಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆ ಆವರಣದ ಮೆದುಳು ಸಂಶೋಧನಾ ಕೇಂದ್ರವು 45 ದಾಟಿದ ಹಳ್ಳಿಗರ ನೆನಪು, ಆರೋಗ್ಯಗಳನ್ನು ವರ್ಷಗಳಿಂದ ಗಮನಿಸುತ್ತಿದೆ. ನಮ್ಮ ಜನರಲ್ಲಿ ಈ ರೋಗ ಹೇಗೆ ಶುರುವಾಗುತ್ತದೆ ಎಂಬುದಕ್ಕೆ ಉತ್ತರ ಅಲ್ಲಿಂದ ಬರಬೇಕಿದೆ.

ಅಜ್ಜಿ ಮತ್ತೆ ಊಟ ಕೇಳಿದರೆ ಗದರಬೇಡಿ, ಎರಡು ತುತ್ತು ಕೊಡಿ. ಆದರೆ ಗಾದೆ ಹೇಳಿ ಕೂರಬೇಡಿ. ಈ ವಾರವೇ ನರರೋಗ ತಜ್ಞರಿಗೆ ತೋರಿಸಿ.